ಗಂಡಸರ ಕಿಟಕಿ

ನಮ್ಮೂರಲ್ಲಿ ಮದುವೆಗೋ ಸಾವಿಗೋ ಹೋಗಲಾಗದವರು ಮುಖ ಕಳಿಸುತ್ತಾರೆ. ಮುಖವೆಂದರೆ ಎದೆಯಿಂದ ಮೇಲಕ್ಕೆ ತೆಗೆಸಿ, ಕಟ್ಟು ಹಾಕಿಸಿ ಇಟ್ಟುಕೊಂಡ ಫೋಟೋ. ಅದು ಬಂತೆಂದರೆ ಆ ಮನುಷ್ಯ ಬಂದ ಹಾಗೆಯೇ. ಅದಕ್ಕೂ ಜಮಖಾನೆ ಹಾಸಬೇಕು, ಕುಂಕುಮ ಹಚ್ಚಬೇಕು, ಎಲೆ ಹಾಕಿ ಬಡಿಸಬೇಕು, ಹೊರಡುವಾಗ ಎಲೆ ಅಡಿಕೆ ಕೊಟ್ಟು ಕಳಿಸಬೇಕು. ಸೋದರಮಾವನ ಮುಖಕ್ಕೆ ಇನ್ನೊಂದು ಹೋಳಿಗೆ ಬೇಕೇ ಎಂದು ಕೇಳಲಿಲ್ಲವೆಂಬ ಕಾರಣಕ್ಕೆ ಬೀಗರೊಂದಿಗೆ ಮಾತು ಬಿಟ್ಟವರು ನಮ್ಮ ಓಣಿಯಲ್ಲೇ ಇದ್ದಾರೆ.

ಪ್ರಾಯಕ್ಕೆ ಬಂದ ಮೇಲೆ ಒಂದೇ ಒಂದು ಸಲ ಮುಖ ತೆಗೆಸಬಹುದು. ಎರಡನೇ ಸಲ ಹೋಗಿ ಕೂತರೆ ಫೋಟೋದಲ್ಲಿ ಬರೀ ಕುರ್ಚಿ ಬರುತ್ತದೆ. ಹಿಂದಿನ ಪರದೆ ಬರುತ್ತದೆ, ಪರದೆಯ ಮೇಲಿನ ಬಳ್ಳಿ ಬರುತ್ತದೆ, ಕೂತವರು ಮಾತ್ರ ಬರುವುದಿಲ್ಲ. ಈಗಿನ ಹುಡುಗರು ಮೊಬೈಲು ಹಿಡಿದು ಪ್ರಯತ್ನ ಮಾಡುತ್ತಾರೆ, ಬೆನ್ನ ಹಿಂದಿನ ಗೋಡೆಯ ಸುಣ್ಣ ನೋಡಿ ಸುಮ್ಮನಾಗುತ್ತಾರೆ.

ಹಾಗಾಗಿ ಆ ಒಂದು ಮುಖವೇ ಮದುವೆಗೂ ಸಲ್ಲಬೇಕು, ಸಾವಿಗೂ ಸಲ್ಲಬೇಕು. ಹಲ್ಲು ಬಿಟ್ಟು ತೆಗೆಸಿಕೊಂಡು ಸಾವಿನ ಮನೆಯಲ್ಲಿ ಬೈಸಿಕೊಂಡವರು, ಗಂಟುಮೋರೆ ತೆಗೆಸಿಕೊಂಡು ತೊಟ್ಟಿಲ ಕಾರ್ಯದಿಂದ ವಾಪಸು ಬಂದವರು ಹಿಂದೆ ಬೇಕಾದಷ್ಟಿದ್ದರಂತೆ. ಅದಕ್ಕೆಲ್ಲ ಒಂದು ಹದ ತಂದವರು ನಮ್ಮವರು. ಗಂಡನ ಹೆಸರು ನನ್ನ ಬಾಯಿಂದ ಬರುವುದಿಲ್ಲ. ಊರಿನವರ ಬಾಯಲ್ಲಿ ಬಂದಾಗ ನೀವೇ ಕೇಳಿಸಿಕೊಳ್ಳಿ.

ಅವರ ಸ್ಟುಡಿಯೋ ಒಂದು ಉದ್ದನೆಯ ಕೋಣೆ. ನಡುವೆ ಕೈಯಿರುವ ಕುರ್ಚಿ, ಅದರ ಎದುರಿಗೆ ಕಾಲು ಚಾಚಿ ನಿಂತ ಕ್ಯಾಮೆರಾ, ಕ್ಯಾಮೆರಾದ ಮೇಲೆ ಕರಿ ಬಟ್ಟೆ. ಕುರ್ಚಿಯಲ್ಲಿ ಕೂತವರ ಎಡಕ್ಕೊಂದು ಕಿಟಕಿ, ಬಲಕ್ಕೊಂದು ಕಿಟಕಿ. ಎಡದ್ದು ಗಂಡಸರ ಕಿಟಕಿ, ಬಲದ್ದು ಹೆಂಗಸರ ಕಿಟಕಿ. ಗಂಡಸು ಕೂತಾಗ ಎಡಗಿಟಕಿ ತೆಗೆದು ಬಲದ್ದನ್ನು ಮುಚ್ಚುತ್ತಿದ್ದರು. ಹೆಂಗಸು ಕೂತಾಗ ಅದರ ಉಲ್ಟಾ. ಕೂತವರು ಬೆಳಕಿನ ಕಡೆಗೆ ಒಂದಿಷ್ಟು ಮುಖ ತಿರುಗಿಸುತ್ತಿದ್ದರು. ಹೀಗೆ ನಮ್ಮೂರ ಗಂಡಸರೆಲ್ಲ ಎಡಕ್ಕೆ ನೋಡುತ್ತಾರೆ, ಹೆಂಗಸರೆಲ್ಲ ಬಲಕ್ಕೆ. ಯಾವ ಗಂಡನ ಎಡಪಕ್ಕಕ್ಕೆ ಯಾವ ಹೆಂಡತಿಯನ್ನು ಇಟ್ಟರೂ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರುತ್ತಾರೆ. ಮನೆಯಲ್ಲಿ ಹಾವು ಮುಂಗುಸಿಯ ಹಾಗಿದ್ದರೂ ಪಂಕ್ತಿಯಲ್ಲಿ ಮಾತ್ರ ಆದರ್ಶ ದಂಪತಿಗಳು.

ಬೆಳಕಿನ ವಿಷಯದಲ್ಲಿ ಅವರು ಮಹಾ ಹಟಮಾರಿ. ನೆತ್ತಿಯ ಮೇಲಿಂದ ಬಿದ್ದರೆ ಕಣ್ಣು ಗುಳಿ ಬೀಳುತ್ತದೆ, ನೇರ ಎದುರಿನಿಂದ ಬಿದ್ದರೆ ಮುಖ ರೊಟ್ಟಿಯ ಹಾಗೆ ಚಪ್ಪಟೆಯಾಗುತ್ತದೆ, ಓರೆಯಾಗಿ ಬಂದು ನೆರಳಿನ ಕಡೆಯ ಕೆನ್ನೆಯ ಮೇಲೆ ಅಡಿಕೆ ಹೋಳಿನಷ್ಟು ಬೆಳಕು ಉಳಿಯಬೇಕು ಎನ್ನುತ್ತಿದ್ದರು. ನೆರಳು ಹೆಚ್ಚಾಯಿತೆನಿಸಿದರೆ ಆ ಬದಿಗೆ ಒಂದು ಬಿಳಿ ಧೋತರ ಕಟ್ಟುತ್ತಿದ್ದರು. ಆಮೇಲೆ ಹತ್ತಿರ ಬಂದು ಕೂತವರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. "ಕಣ್ಣಾಗ ಕಿಟಕಿ ಕಾಣಬೇಕ್ರಿ. ಕಿಟಕಿ ಇಲ್ಲದ ಕಣ್ಣು ಅಂದ್ರ ಬೀಗ ಹಾಕಿದ ಮನಿ ಇದ್ದಂಗ" ಎನ್ನುವುದು ಅವರ ಮಾತು. ಗದ್ದದ ಸಲುವಾಗಿ ಇನ್ನೊಂದು ಮಾತಿತ್ತು. "ಗದ್ದಾ ಮದ್ಲ ಮುಂದ ತರ್ರಿ, ಆಮ್ಯಾಲೆ ತುಸು ಕೆಳಗ. ಆಮಿ ಕುತಿಗಿ ಹೊರಗ ಹಾಕೂದು ನೋಡೀರಿಲ್ಲ?" ಎಂಥ ಸಾಹುಕಾರನೂ ಆ ಕುರ್ಚಿಯಲ್ಲಿ ಒಂದು ಗಳಿಗೆ ಆಮೆಯಾಗಲೇಬೇಕಿತ್ತು.

ಕೊನೆಗೆ ಮುಖಭಾವ. ಅದಕ್ಕೆ ಅವರು ಕಂಡುಕೊಂಡ ಉಪಾಯ ಊರಿಗೇ ಗೊತ್ತಿತ್ತು, ಆದರೂ ಎಲ್ಲರೂ ಅದರಲ್ಲೇ ಬೀಳುತ್ತಿದ್ದರು. ಒತ್ತಿದರೆ ಫೋಟೋ ಬೀಳುವ ಕ್ಯಾಮೆರಾದ ರಬ್ಬರಿನ ಗುಂಡು ಕೈಯಲ್ಲಿ ಹಿಡಿದು, ಏನೋ ನೆನಪಾದವರ ಹಾಗೆ, "ಬರೂವಾಗ ಮನಿ ಕೀಲಿ ಹಾಕೀರಿಲ್ಲೋ?" ಎಂದು ಕೇಳುತ್ತಿದ್ದರು. ಹೆಂಗಸರಿಗಾದರೆ ಒಲೆ ಆರಿಸಿದ ವಿಚಾರ. ಹಾಕಿದೆನೋ ಇಲ್ಲವೋ ಎಂದು ಒಳಗೇ ನೆನಪಿಸಿಕೊಳ್ಳುವಾಗ ಮನುಷ್ಯನ ಮುಖ ನಗುವುದೂ ಇಲ್ಲ, ಅಳುವುದೂ ಇಲ್ಲ, ಕಣ್ಣು ಮಾತ್ರ ಎಚ್ಚರವಾಗಿರುತ್ತದೆ. ಅಷ್ಟರಲ್ಲಿ ಗುಂಡು ಒತ್ತಿಬಿಡುತ್ತಿದ್ದರು. ಆ ಮುಖ ಎಲ್ಲಿಗೆ ಬೇಕಾದರೂ ನಡೆಯುತ್ತದೆ. ಮದುವೆ ಮನೆಯಲ್ಲಿ ಅದನ್ನು ನೋಡಿದರೆ ಗಂಭೀರವಾಗಿ ಹರಸುವ ಹಾಗಿರುತ್ತದೆ, ಸಾವಿನ ಮನೆಯಲ್ಲಿ ನೋಡಿದರೆ ಮರುಗುವ ಹಾಗೆ.

ಇಷ್ಟು ಜನರ ಮುಖ ತೆಗೆದವರಿಗೆ ಸ್ವಂತದ್ದೊಂದು ಮುಖ ಇರಲಿಲ್ಲ. ಊರಿಗೆ ಕ್ಯಾಮೆರಾ ಒಂದೇ. ಅದನ್ನು ಹಿಡಿಯಬಲ್ಲ ಅವರ ಅಪ್ಪ ಮಗನ ಸರದಿ ಬರುವ ಮೊದಲೇ ತೀರಿಕೊಂಡಿದ್ದರು. ಹೀಗಾಗಿ ಎಲ್ಲ ಕಾರ್ಯಗಳಿಗೂ ಅವರು ಕಾಲು ನೋಯಿಸಿಕೊಂಡು ತಾವೇ ಹೋಗುತ್ತಿದ್ದರು.

ನನ್ನ ಅಪ್ಪ ಬಸಲಿಂಗಪ್ಪ, ಪೇಟೆಯಲ್ಲಿ ಟೋಪಿ ರುಮಾಲಿನ ಅಂಗಡಿ ಇಟ್ಟವನು. ಮಧ್ಯಾಹ್ನ ಅಪ್ಪನಿಗೆ ಬುತ್ತಿ ಒಯ್ಯುವಾಗ ನಾನು ದಿನಾಲೂ ಸ್ಟುಡಿಯೋದ ಮುಂದೆಯೇ ಹೋಗಬೇಕು. ನಮ್ಮವರು ಆಗ ಕಟ್ಟೆಯ ಮೇಲೆ ಕೂತು ಕ್ಯಾಮೆರಾದ ಗಾಜು ಒರೆಸುತ್ತಿರುತ್ತಿದ್ದರು. ತಲೆ ಎತ್ತಿದ್ದನ್ನು ನಾನು ನೋಡಿಲ್ಲ. ಆದರೆ ದಿನಾ ಅದೇ ಹೊತ್ತಿಗೆ ಒರೆಸುವಷ್ಟು ಧೂಳು ಆ ಗಾಜಿಗೆ ಎಲ್ಲಿಂದ ಬರುತ್ತಿತ್ತೋ ದೇವರೇ ಬಲ್ಲ.

ನನ್ನ ಮುಖ ತೆಗೆಸುವ ದಿನ ಬಂತು. ಅವ್ವ ನನಗೆ ತನ್ನ ಇಳಕಲ್ ಸೀರೆ ಉಡಿಸಿ, ಹಣೆಯ ಎಣ್ಣೆ ಒರೆಸಿ, ಸ್ಟುಡಿಯೋದ ಬಾಗಿಲು ತೆಗೆಯುವ ಮೊದಲೇ ಕರೆದುಕೊಂಡು ಹೋಗಿ ನಿಲ್ಲಿಸಿದಳು. ಬೆಳಗಿನ ಬೆಳಕಿಗೆ ಹುಡುಗಿಯ ಬಣ್ಣ ತಿಳಿಯಾಗಿ ಕಾಣುತ್ತದೆಂದು ಅವಳ ಲೆಕ್ಕ. ನಮ್ಮವರು ಬಂದು ಕೀಲಿ ತೆಗೆದು, ಒಳಗೆ ಹೋಗಿ ಏನೇನೋ ಸರಿಮಾಡಿ ನನ್ನನ್ನು ಕರೆದರು. ಜೊತೆಗೆ ಬಂದವರು ಒಳಗಿದ್ದರೆ ಮುಖ ಕೆಡುತ್ತದೆಂದು ಅವ್ವನನ್ನು ಕಟ್ಟೆಯ ಮೇಲೆ ಕೂಡಿಸಿದರು. ನಾನು ಕುರ್ಚಿಯಲ್ಲಿ ಕೂತೆ. "ಬೆಳಕಿನ ಕಡೆ ಮುಖಾ ಮಾಡ್ರಿ" ಅಂದರು. ಬೆಳಕು ಎಲ್ಲಿತ್ತೋ ಅಲ್ಲಿಗೆ ಮಾಡಿದೆ. ಎಡಕ್ಕೆ. ಹೆಂಗಸರು ಬಲಕ್ಕೆ ನೋಡಬೇಕೆಂಬುದು ನಿನಗೆ ಗೊತ್ತಿರಲಿಲ್ಲವೇ ಎಂದು ಊರೆಲ್ಲ ಕೇಳಿದೆ, ನೀವೂ ಕೇಳಬೇಡಿ. ಅವರು ಅಷ್ಟು ಹತ್ತಿರ ಬಂದು ಕಣ್ಣಲ್ಲಿ ಕಿಟಕಿ ಹುಡುಕುತ್ತ ನಿಂತಿರುವಾಗ ಎಡ ಯಾವುದು ಬಲ ಯಾವುದು ಎಂದು ನೆನಪಿಡುವುದು ಹೇಗೆ? ಒಲೆಯ ಪ್ರಶ್ನೆ ಕೇಳಿದರು, ಗುಂಡು ಒತ್ತಿದರು, ಮುಗಿಯಿತು.

ಫೋಟೋ ಬಂದ ದಿನ ಅವ್ವ ಅದನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿಬಿಟ್ಟಳು. ಮುಖವೇನೋ ಚೆನ್ನಾಗಿತ್ತು. ಇಂದಿಗೂ ಹೇಳುತ್ತೇನೆ, ನಮ್ಮೂರ ಸ್ಟುಡಿಯೋದಿಂದ ಅಷ್ಟು ಚಂದದ ಮುಖ ಇನ್ನೊಂದು ಬಂದಿಲ್ಲ. ಆದರೆ ಅದು ಗಂಡಸರ ಹಾಗೆ ಎಡಕ್ಕೆ ನೋಡುತ್ತಿತ್ತು. ಅದರ ಪಕ್ಕ ಯಾವ ಗಂಡಿನ ಮುಖ ಇಟ್ಟರೂ ಇಬ್ಬರೂ ಒಂದೇ ಕಡೆ ನೋಡುತ್ತ, ಬಸ್ಸಿನ ಸೀಟಿನಲ್ಲಿ ಹಿಂದೆ ಮುಂದೆ ಕೂತ ಅಪರಿಚಿತರ ಹಾಗೆ ಕಾಣುತ್ತಿದ್ದರು. ಅಪ್ಪ ಅಂಗಡಿಗೆ ಬಾಗಿಲು ಹಾಕಿ ಸ್ಟುಡಿಯೋಕ್ಕೆ ಓಡಿದ. "ನನ್ನ ಮಗಳ ಮುಖಾ ಕೆಡಿಸಿಬಿಟ್ಟೆಲ್ಲೋ ಅಡಿವೆಪ್ಪಾ! ಇನ್ನ ಇಕಿನ್ನ ಯಾರ ಮಗ್ಗಲಕ ಕುಂದರಸಲಿ?" ಎಂದು ಬೀದಿಗೆ ಕೇಳುವ ಹಾಗೆ ಕೂಗಾಡಿದ. ನಮ್ಮವರು ತಲೆ ತಗ್ಗಿಸಿ, "ಮುಂಚೆ ಗಂಡಸರು ಬಂದಿದ್ರು ಮಾವಾ, ಕಿಟಕಿ ಬದಲ ಮಾಡೂದು ಮರತುಬಿಟ್ಟೆ. ತಪ್ಪಾತು" ಅಂದರಂತೆ. ತಪ್ಪಾಯಿತು ಎಂದವನನ್ನು ಎಷ್ಟು ಹೊತ್ತು ಬೈಯಲಾದೀತು? ಅಪ್ಪ ಬೈದು ದಣಿದು ಮನೆಗೆ ಬಂದ.

ನಮ್ಮವರು ನೆಗೆಟಿವ್ ತಿರುವಿಟ್ಟು ಮುದ್ರಿಸಿ ನೋಡಿದರು. ಮುಖ ಬಲಕ್ಕೇನೋ ತಿರುಗಿತು, ಆದರೆ ನನ್ನ ಎಡಗಣ್ಣಿನ ಕೆಳಗಿನ ಮಚ್ಚೆಯೂ ಬಲಕ್ಕೆ ಹೋಗಿ ಕೂತಿತು. ಮಗನಿಗಾಗಿ ನನ್ನನ್ನು ನೋಡಲು ಬಂದ ಸಾತವ್ವ ಎಂಬವಳು ಒಮ್ಮೆ ಫೋಟೋ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. "ಮಚ್ಚೀನ ಇದ್ದಲ್ಲಿ ಇರವಲ್ದು. ನಾಳೆ ಹುಡುಗಿ ಇರತಾಳಂತ ಏನ್ ಗ್ಯಾರಂಟಿ?" ಎಂದು ಚಹಾ ಮಾತ್ರ ಕುಡಿದು ಎದ್ದುಹೋದಳು. ಆ ಮೇಲೆ ಬಂದ ಎರಡು ಕಡೆಯವರು ಚಹಾ ಕೂಡ ಕುಡಿಯಲಿಲ್ಲ.

ನನಗೆ ಇದೆಲ್ಲ ಅಷ್ಟು ನಾಟಿರಲಿಲ್ಲ. ನಾಟಿದ್ದು ದೊಡ್ಡಪ್ಪನ ಮಗಳ ಮದುವೆಯಲ್ಲಿ. ಮೈ ಸರಿಯಿರಲಿಲ್ಲವೆಂದು ಮನೆಯವರೊಡನೆ ನನ್ನ ಮುಖ ಕಳಿಸಿದ್ದೆ. ಹೊತ್ತೇರಿದಂತೆ ಜ್ವರ ಇಳಿಯಿತು, ಅಕ್ಕಿಕಾಳು ಹಾಕುವ ಹೊತ್ತಿಗಾದರೂ ಸಿಗೋಣವೆಂದು ನಾನೇ ಎದ್ದು ಹೋದೆ. ಕಾರ್ಯದ ಮನೆಗಳಲ್ಲಿ ಮುಖಗಳನ್ನು ಸಾಲಾಗಿ ಕೂಡಿಸುವ ಹಕ್ಕು ಶಿವಪುತ್ರಪ್ಪನ ಮನೆತನದ್ದು. ಅವನು ನಮ್ಮವರ ಸರೀಕ, ಆದರೆ ಎಳೆ ವಯಸ್ಸಿಗೇ ಮುದುಕರ ಗತ್ತು ಕಲಿತವನು. ಅವನು ನನ್ನ ಮುಖವನ್ನು ಯಾರ ಪಕ್ಕಕ್ಕೂ ಹೊಂದಿಸಲಾಗದೆ ಸಾಲಿನ ಕಟ್ಟಕಡೆಗೆ, ಚಪ್ಪರದ ಅಂಚಿಗೆ ಇಟ್ಟಿದ್ದ. ಅಲ್ಲಿ ಅದು ಎಲ್ಲರಿಗೂ ಬೆನ್ನು ಮಾಡಿ, ಬಿಟ್ಟ ಚಪ್ಪಲಿಗಳ ರಾಶಿಯನ್ನು ನೋಡುತ್ತ ಕೂತಿತ್ತು. ಎದುರಿಗಿನ ಎಲೆಯಲ್ಲಿ ಉಪ್ಪು ಕೂಡ ಬಿದ್ದಿರಲಿಲ್ಲ. ಬಡಿಸುವವರ ಕಣ್ಣಿಗೆ ಬಿದ್ದರಲ್ಲವೇ ಬಡಿಸುವುದು? ನಾನು ಬಾಳಿಡೀ ಕೂಡಬೇಕಾದ ಜಾಗ ಇದೇ ಎಂದು ಅಲ್ಲಿ ನಿಂತಾಗ ತಿಳಿಯಿತು. ಆ ಮುಖವನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದು ಅತ್ತೆ. ಅವ್ವನೂ ಪಕ್ಕದಲ್ಲಿ ಕೂತು ಅತ್ತಳು.

ಆ ಸುದ್ದಿ ಹೇಗೋ ಸ್ಟುಡಿಯೋಕ್ಕೆ ಮುಟ್ಟಿತು. ಎರಡು ದಿನ ಬಿಟ್ಟು ನಮ್ಮವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಮ್ಮ ಮನೆಗೆ ಬಂದರು. ಅಪ್ಪ ಕೂತುಕೋ ಎನ್ನಲಿಲ್ಲ. ಅವರು ನಿಂತೇ ಹೇಳಿದರು. "ಮಾವಾ, ನನ್ನ ಮುಖಾ ಇನ್ನಾ ತಗದಿಲ್ರಿ."

"ತಗದಿಲ್ಲಂದ್ರ ತಗಸಿಗೋ. ನನಗ್ಯಾಕ ಹೇಳ್ತಿ?" ಅಂದ ಅಪ್ಪ.

"ಬಲಕ್ಕ ನೋಡಿ ತಗಸಿಗೊಂತೀನ್ರಿ."

ಅಪ್ಪನಿಗೆ ಆಗಲೂ ಬಗೆಹರಿಯಲಿಲ್ಲ. ಅಡುಗೆಮನೆಯ ಬಾಗಿಲಲ್ಲಿದ್ದ ಅವ್ವನಿಗೆ ಬಗೆಹರಿದು, ಕೈಯ ಸಟ್ಟುಗ ಕೆಳಗೆ ಬಿತ್ತು. ಗಂಡು ಬಲಕ್ಕೆ ನೋಡಿದರೆ, ಹೆಣ್ಣನ್ನು ಅವನ ಎಡಕ್ಕಲ್ಲ, ಬಲಕ್ಕೆ ಕೂಡಿಸಿದರೆ, ಎಡಕ್ಕೆ ನೋಡುವ ನಾನು ಅವರನ್ನೇ ನೋಡುತ್ತೇನೆ, ಅವರು ನನ್ನನ್ನು. ಊರಲ್ಲಿ ಪ್ರಾಯಕ್ಕೆ ಬಂದೂ ಮುಖ ತೆಗೆಸದೆ ಉಳಿದ ಗಂಡಸು ಅವರೊಬ್ಬರೇ. ಒಪ್ಪಬೇಕೋ ಒದೆಯಬೇಕೋ ತಿಳಿಯದೆ ಅಪ್ಪ ಬಹಳ ಹೊತ್ತು ಟೋಪಿ ತೆಗೆದು ಹಾಕಿ ಮಾಡಿದ. ಕೊನೆಗೆ, "ಮದ್ಲ ಮುಖಾ ಬರಲಿ. ನೆಟ್ಟಗ ಬಂದ್ರ ಮದವಿ ಮಾತು. ಬರಲಿಲ್ಲಂದ್ರ ನನ್ನ ಅಂಗಡಿ ಮುಂದ ಹಾಯಬ್ಯಾಡ" ಅಂದ.

ತೆಗೆಯುವವರು ಯಾರು ಎಂಬ ಪ್ರಶ್ನೆ ಬಂತು. "ಅಕೀನ ತಗೀಲಿ" ಅಂದುಬಿಟ್ಟರು ನಮ್ಮವರು.

ಹೀಗೆ ನಾನು ಕ್ಯಾಮೆರಾ ಕಲಿತೆ. ಅವ್ವ ಹೊಸ್ತಿಲ ಮೇಲೆ ಅಕ್ಕಿ ಆರಿಸುತ್ತ ಕಾವಲು ಕೂಡುತ್ತಿದ್ದಳು. ಒಳಗೆ ನಮ್ಮವರು ಕುರ್ಚಿಯ ಮೇಲೆ ಒಂದು ಬಿಂದಿಗೆ ಇಟ್ಟು, ಅದರ ಮೇಲೆ ಬೆಳಕು ಎಲ್ಲಿ ಕೂಡುತ್ತದೆ, ನೆರಳು ಎಲ್ಲಿ ಇಳಿಯುತ್ತದೆ ಎಂದು ತೋರಿಸುತ್ತಿದ್ದರು. ಕರಿ ಬಟ್ಟೆಯೊಳಗೆ ತಲೆ ಹಾಕಿದರೆ ಗಾಜಿನಲ್ಲಿ ಬಿಂದಿಗೆ ತಲೆಕೆಳಗಾಗಿ ಕಾಣುತ್ತಿತ್ತು. ನನಗೆ ನಗು ಬರುತ್ತಿತ್ತು. "ನಗು ತಡಕೋರಿ, ಕ್ಯಾಮೆರಾ ಅಳ್ಳಾಡತೈತಿ" ಎನ್ನುತ್ತಿದ್ದರು. ಆ ದಿನಗಳ ಫೋಟೋ ತೊಳೆಯುವ ಮದ್ದಿನ ವಾಸನೆ, ಬಟ್ಟೆಯೊಳಗಿನ ಸೆಕೆ, ಹೊಸ್ತಿಲಲ್ಲಿ ಅವ್ವನ ಮೊರದ ಸದ್ದು ಇಂದಿಗೂ ನನ್ನೊಳಗೆ ಹಾಗೇ ಇವೆ. ಮದುವೆಯಾದ ಮೇಲೆ ಎಷ್ಟೋ ಸುಖ ಉಂಡಿದ್ದೇನೆ, ಆದರೆ ಆ ಬೆಳಗುಗಳನ್ನು ನೆನೆದಾಗ ಆಗುವಷ್ಟು ಹಿತ ಬೇರೆ ಯಾವುದನ್ನು ನೆನೆದರೂ ಆಗುವುದಿಲ್ಲ.

ಗೊತ್ತು ಮಾಡಿದ ದಿನ ಅಪ್ಪನೂ ಶಿವಪುತ್ರಪ್ಪನೂ ಕಟ್ಟೆಯ ಮೇಲೆ ಬಂದು ಕೂತರು. ನಮ್ಮವರು ಕುರ್ಚಿಯಲ್ಲಿ ಕೂತರು, ಕೂತವರೇ ಕೊರಡಾದರು. ಊರಿಗೆಲ್ಲ ಬುದ್ಧಿ ಹೇಳಿದ ಮನುಷ್ಯನ ಹೆಗಲು ಕಿವಿಗೆ ಏರಿತ್ತು, ತುಟಿ ಹೊಲಿದ ಹಾಗೆ ಬಿಗಿದಿತ್ತು. "ಗದ್ದಾ ಮುಂದ ತರ್ರಿ" ಅಂದೆ. ತಂದರು. "ಕೆಳಗ." ಮಾಡಿದರು. ಹೆಗಲಿಗೆ ಏನು ಹೇಳಿದರೂ ಇಳಿಯದು. ಕೀಲಿಯ ಪ್ರಶ್ನೆ ಕೇಳಿದೆ. ತಾವೇ ಹೆಣೆದ ಬಲೆಯಲ್ಲಿ ತಾವೇ ಬೀಳುತ್ತಾರೆಯೇ? "ಹಾಕೀನಿ" ಎಂದು ಇನ್ನಷ್ಟು ಬಿಗಿದುಕೊಂಡರು. ಗುಂಡು ನನ್ನ ಕೈಯಲ್ಲಿತ್ತು. ಈಗ ಒತ್ತಿದರೆ ಈ ಕೊರಡೇ ಅವರ ಮುಖವಾಗುತ್ತದೆ, ಅಪ್ಪ ಅದನ್ನೊಂದು ನೆವ ಮಾಡಿಕೊಂಡು ನನ್ನ ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೆ. ಎರಡನೇ ಸಲಕ್ಕೆ ಬರುವುದು ಬರೀ ಕುರ್ಚಿ. ನನಗೆ ಆ ಮನುಷ್ಯ ಬೇಕಾಗಿತ್ತು. ಬೇಕು ಎಂದು ಅಷ್ಟು ಸ್ಪಷ್ಟವಾಗಿ ನನಗೆ ಗೊತ್ತಾದದ್ದು ಅದೇ ಗಳಿಗೆಯಲ್ಲಿ.

ಬೆಳಕಾದರೂ ಇನ್ನಷ್ಟು ಬರಲೆಂದು ಹೋಗಿ ಹೆಂಗಸರ ಕಿಟಕಿಯ ಎರಡನೇ ಬಾಗಿಲನ್ನೂ ತೆಗೆದೆ. ತುಂಬು ಬೆಳಕು ಅವರ ಮೇಲೆ ಬಿತ್ತು. ಕಿಟಕಿಯ ಚಿಲಕ ಹಿಡಿದು ನಿಂತವಳಿಗೆ ತಟ್ಟನೆ ಹೊಳೆಯಿತು. ನನ್ನ ಮುಖ ತೆಗೆದ ದಿನ ಬಾಗಿಲು ತೆಗೆಯುವ ಮೊದಲೇ ಬಂದು ನಿಂತವರು ನಾವು. ನಮಗಿಂತ ಮುಂಚೆ ಗಂಡಸರು ಬರುವುದು ಎಲ್ಲಿಂದ? ಒಳಗೆ ಹೋಗಿ, ರಾತ್ರಿಯೆಲ್ಲ ಮುಚ್ಚಿದ್ದ ಎರಡು ಕಿಟಕಿಗಳಲ್ಲಿ ಒಂದನ್ನು ಇವರೇ ತೆಗೆದದ್ದು.

ಕ್ಯಾಮೆರಾದ ಪಕ್ಕಕ್ಕೆ ಬಂದೆ. ಗುಂಡು ಎತ್ತಿಕೊಂಡೆ. ಕಟ್ಟೆಯ ಮೇಲಿದ್ದವರಿಗೆ ಕೇಳದ ಹಾಗೆ ಮೆಲ್ಲಗೆ ಕೇಳಿದೆ. "ಅವತ್ತ ಮದ್ಲ ಬಂದಾಕಿ ನಾನ ಅಲ್ರಿ? ಮತ್ತ ಗಂಡಸರ ಕಿಟಕಿ ಯಾರ ಸಲುವಾಗಿ ತಗದ್ರಿ?"

ಹೆಗಲು ಇಳಿಯಿತು. ತುಟಿ ಬಿಚ್ಚಿತು. ಮುಖದ ತುಂಬ ಮೊದಲು ಕಳ್ಳತನ ಬಂತು, ಅದರ ಹಿಂದೆಯೇ ನಾಚಿಕೆ ಬಂತು, ನಾಚಿಕೆಯನ್ನು ಬದಿಗೊತ್ತಿ ಇನ್ನೊಂದು ಬಂತು. ಅದಕ್ಕೆ ಹೆಸರಿಡಲು ನನಗೆ ಇಂದಿಗೂ ಬರುವುದಿಲ್ಲ. ಕಣ್ಣಲ್ಲಿ ಕಿಟಕಿ ಕಂಡಿತು. ಒತ್ತಿಬಿಟ್ಟೆ.

ಫೋಟೋ ತೊಳೆದು ತಂದಾಗ ಅಪ್ಪ ಅದನ್ನು ನನ್ನ ಮುಖದ ಪಕ್ಕ ಇಟ್ಟು ನೋಡಿದ. ಅಂಗಡಿಗೆ ಹೋಗಿ ಹೊಸ ಜರಿ ರುಮಾಲು ತಂದು ಅಳಿಯನ ತಲೆಗೆ ತಾನೇ ಸುತ್ತಿದ. ಶಿವಪುತ್ರಪ್ಪ ಮಾತ್ರ ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ತೀರ್ಪು ಕೊಟ್ಟ. "ಮದವಿಗೆ ನಡೀತೈತಿ. ಸಾವಿಗೆ ಮಾತ್ರ ಈ ಮುಖಾ ತರಂಗಿಲ್ಲ ಅಡಿವೆಪ್ಪಾ. ಹೆಣದ ಮುಂದ ಕುಂತು ಹಿಂಗ ನಗತಾರೇನು?"

ಅದಕ್ಕೇ ನಮ್ಮವರು ಬದುಕಿರುವ ತನಕ ಯಾರ ಸಾವಿಗೂ ಮುಖ ಕಳಿಸಲಿಲ್ಲ, ತಾವೇ ಹೋದರು. ಮಳೆಯಿರಲಿ, ಮಂಡಿನೋವಿರಲಿ, ಚಟ್ಟಕ್ಕೆ ಹೆಗಲು ಕೊಡುವವರಲ್ಲಿ ಅವರೊಬ್ಬರು. ಊರ ಜನಕ್ಕೆ ಅವರ ಮೇಲೆ ಪ್ರೀತಿ ಬೆಳೆದದ್ದೂ ಹಾಗೆಯೇ. ಕಿಟಕಿಯ ವಿಷಯ ನಾನು ಮತ್ತೆ ಕೆದಕಿದಾಗಲೆಲ್ಲ, "ಫೋಟೋ ತಗದಾಕಿ ನೀನು, ನೋಡಿ ತಿಳಕೋ" ಎಂದು ಜಾರಿಕೊಳ್ಳುತ್ತಿದ್ದರು. ಪಂಕ್ತಿಯಲ್ಲಿ ನನ್ನನ್ನು ಅವರ ಬಲಕ್ಕೆ ಇಡಬೇಕಾದಾಗಲೆಲ್ಲ ಶಿವಪುತ್ರಪ್ಪ ಗೊಣಗುವುದು ತಪ್ಪಲಿಲ್ಲ, ಇಡುವುದೂ ತಪ್ಪಲಿಲ್ಲ.

ಹೋದ ಕಾರ್ತಿಕದಲ್ಲಿ ಅವರು ತೀರಿಕೊಂಡರು. ಸತ್ತವರ ಮುಖ ಅವರದೇ ಮನೆಯ ದುಃಖದಲ್ಲಿ ಕೊನೆಯ ಸಲ ಪಂಕ್ತಿಗೆ ಕೂತು, ಆಮೇಲೆ ಗೋಡೆಗೆ ಹೋಗುವುದು ನಮ್ಮಲ್ಲಿಯ ಪದ್ಧತಿ. ಮನೆಯವರು ಆ ಮುಖವನ್ನು ತೆರೆದಿಡಲು ಅಂಜಿ, ಒಂದು ಬಿಳಿ ವಸ್ತ್ರ ಮುಚ್ಚಿ ಇಟ್ಟಿದ್ದರು. ಶಿವಪುತ್ರಪ್ಪ ಕೋಲೂರಿಕೊಂಡು ಬಂದ. ಸಾಲು ನೋಡಿದ, ವಸ್ತ್ರ ನೋಡಿದ. ಬಾಗಲಾಗದೆ ಕೋಲಿನಿಂದಲೇ ಅದನ್ನು ಸರಿಸಿ, "ಯಾರ ಸಾವಿನ ಮನ್ಯಾಗೂ ಇದನ್ನ ಕುಂದರಸಲಿಲ್ಲ ನಾ. ಇವತ್ತರ ಕುಂದರಲಿ" ಅಂದ. ಆಮೇಲೆ ನನ್ನ ಕಡೆ ತಿರುಗಿ, "ನಿಂಬೆವ್ವಾ, ನೀ ಬಲಕ್ಕ ಬಾ" ಎಂದು ಕರೆದ. ಆ ಸಲ ಗೊಣಗಲಿಲ್ಲ.

ನಾನು ಹೋಗಿ ಅವರ ಬಲಕ್ಕೆ ಕೂತು ಎಡಕ್ಕೆ ತಿರುಗಿದೆ. ಬಂದವರೆಲ್ಲ ಅಳುತ್ತಲೇ ಬಂದರು, ಆ ಮುಖ ನೋಡಿ ನಗು ತಡೆಯಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅಳು ಬರಲಿಲ್ಲವಲ್ಲ ನಿನಗೆ, ಎಂದು ಆಮೇಲೆ ನಮ್ಮ ಓಣಿಯವರು ನನ್ನನ್ನು ಆಡಿಕೊಂಡರು. ಅಳಬೇಕೆಂದೇ ಕೂತಿದ್ದೆ. ಆದರೆ ಕಟ್ಟಿಕೊಂಡ ಗಂಡ ಪಕ್ಕದಲ್ಲಿ ಕೂತು ಅಷ್ಟು ಆಸೆಯಿಂದ ನೋಡುತ್ತಿದ್ದರೆ, ಅಳುವುದು ಹೇಗೆಂದು ನೀವೇ ಹೇಳಿ.